ಆಯುಧಪೂಜೆಗೆ ಆಫ್ ಮಾಡಿದ ಮೆಷಿನ್ನು

ಸರ್ಚ್ ಇಂಜಿನ್ ಕಟ್ಟಬಲ್ಲವರನ್ನು ಕಂಪನಿಗಳು ಒಂದರ ಕೈಯಿಂದ ಒಂದು ಕಿತ್ತುಕೊಳ್ಳುತ್ತಿದ್ದ ಕಾಲ ಅದು. ಮೈಸೂರಿನ ಹೆಬ್ಬಾಳದಲ್ಲಿ ನಮ್ಮದು ಐದು ಜನರ ಆಫೀಸು. ಆಗ ಒಂದೊಂದು ಕನ್ನಡ ಪತ್ರಿಕೆಯ ವೆಬ್‌ಸೈಟಿಗೂ ಒಂದೊಂದು ಫಾಂಟು, ಒಂದರಲ್ಲಿ ಹುಡುಕಿದ ಪದ ಇನ್ನೊಂದರಲ್ಲಿ ಸಿಗುತ್ತಿರಲಿಲ್ಲ. ಎಲ್ಲವನ್ನೂ ಒಟ್ಟಿಗೆ ಹುಡುಕಿಕೊಡುವ ಸರ್ಚ್ ಇಂಜಿನ್ ಕಟ್ಟಿದ್ದೆವು. ಕಟ್ಟಿದ್ದೆವು ಅಂತ ಬಾಯಿಮಾತಿಗೆ ಹೇಳುತ್ತೇನೆ. ಕಟ್ಟಿದವರು ಒಬ್ಬರೇ, ನಾನು ಅವರಿಗೆ ಮೇಲಿನವಳು, ಅಷ್ಟೆ. ದಸರೆಗೆ ವಾರವಿದೆ ಎನ್ನುವಾಗ ಅದೇ ಕೆಲಸ ಮಾಡುತ್ತಿದ್ದ ದೊಡ್ಡ ಕಂಪನಿಯೊಂದು ಅವರನ್ನು ಎಳೆದುಕೊಂಡಿತು.

ವಿಜಯದಶಮಿಯ ಮಾರನೆಯ ಬೆಳಿಗ್ಗೆ ದುಡ್ಡು ಹಾಕುವವರು ನಮ್ಮ ಕೆಲಸ ನೋಡಲು ಬರುವವರಿದ್ದರು. ಅವರು ಒಪ್ಪದಿದ್ದರೆ ಬಾಗಿಲು ಹಾಕುವುದೇ ಎಂದು ಮಾಲೀಕರು ಆಗಲೇ ಹೇಳಿಬಿಟ್ಟಿದ್ದರು.

ಹಿಂದಿನ ಎರಡು ವರ್ಷ ಆಯುಧಪೂಜೆಗೆ ಸರ್ಚ್ ಇಂಜಿನ್ ಓಡುತ್ತಿದ್ದ ಸರ್ವರ್ ಮೆಷಿನ್ನನ್ನು ಆಫ್ ಮಾಡಿ, ಮಾರನೆಯ ದಿನ ಎಬ್ಬಿಸಿದ್ದು ಆ ಹೋದವರೇ. ಈ ಸಲ ಪೂಜೆಗೆ ಇದ್ದವರು ನಾನು ಮತ್ತು ಪಕ್ಕದ ಸೀಟಿನ ಗೆಳತಿ, ಇಬ್ಬರೇ.

"ಆಫ್ ಮಾಡೋದು ಬೇಡ ಕಣ್ರೀ. ಎಬ್ಸೋಕೆ ಅವ್ರಿಲ್ಲ. ಅಂಗೇ ಓಡ್ತಿರ್ಲಿ, ಕುಂಕುಮ ಇಟ್ರೆ ಸಾಕು," ಎಂದಳು ಅವಳು.

"ಯಾಕೆ, ಅವರೊಬ್ಬರಿಗೇನಾ ಬರೋದು? ಪೂಜೆ ಅಂದ್ಮೇಲೆ ಆಯುಧ ಒಂದಿನ ಸುಮ್ನಿರ್ಬೇಕು," ಎಂದು ಗುಂಡಿ ಒತ್ತಿದೆ. ಭಕ್ತಿಯಲ್ಲ ಅದು, ಬರೀ ಹಟ. ಈಗ ನೆನೆದರೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ವಿಜಯದಶಮಿಯ ದಿನ ಮೆಷಿನ್ನೇನೋ ಎದ್ದಿತು, ಅದರೊಳಗಿನ ಸರ್ಚ್ ಇಂಜಿನ್ ಏಳಲಿಲ್ಲ. ಗೆಳತಿ 'ಮೈಸೂರು' ಎಂದು ಹುಡುಕಿದಳು. ಏನೂ ಸಿಗಲಿಲ್ಲ. 'ದಸರಾ' ಹಾಕಿದಳು. ಅದೂ ಇಲ್ಲ. ಮಧ್ಯಾಹ್ನದವರೆಗೆ ಇಬ್ಬರೂ ಗುದ್ದಾಡಿದೆವು.

"ಏನ್ರೀ ಮಾಡ್ಬುಟ್ರಿ," ಎಂದು ಅವಳು ಕೀಬೋರ್ಡ್ ದೂರ ತಳ್ಳಿದಳು. "ನಮ್ಮನೆಯವ್ರ ಮಿಲ್ ಮುಚ್ಚಿ ವರ್ಷ ಆಯ್ತು. ಇಬ್ರು ಮಕ್ಳು. ಇದೂ ಹೋದ್ರೆ ಎಂಗ್ರೀ?"

ಕೆಲಸ ಬಿಟ್ಟು ಹೋದವರ ಮನೆ ಬನ್ನಿಮಂಟಪದಲ್ಲಿ. ಜಂಬೂ ಸವಾರಿಗೆಂದು ರಸ್ತೆ ಕಟ್ಟಿದ್ದರು. ಆಟೋದವನು ಅರ್ಧದಲ್ಲೇ ಇಳಿಸಿದ. ಆನೆ ನೋಡಲು ಕೂತಿದ್ದವರ ಕಾಲು ತುಳಿದು, ಬೈಸಿಕೊಂಡು, ಬೆವರಿಳಿಸಿಕೊಂಡು ಹೋದೆ. ಕೈ ಮುಗಿಯಬೇಕೆಂದು ಹೋದವಳು ಅವರ ಮುಖ ಕಂಡ ಕೂಡಲೇ ಬಾಯಿಗೆ ಬಂದಂತೆ ಬೈದೆ.

"ಉಂಡ ಮನೆಗೆ ಎರಡು ಬಗೆದ್ರಲ್ಲ. ಹೋಗೋಕೆ ಮುಂಚೆ ಹೆಂಗೆ ಎಬ್ಬಿಸ್ಬೇಕು ಅಂತ ಬರೆದಿಡೋಕೂ ಆಗ್ಲಿಲ್ವಾ?"

"ಬರೆದುಕೊಡ್ತೀನಿ ಅಂದೆ ಮೇಡಂ. ಹೋಗೋರ ಉಪಕಾರ ಬೇಡ ಅಂದ್ಬುಟ್ರಿ ನೀವು."

ಅಂದಿದ್ದೆ. ನನ್ನ ಎಲುಬಿಲ್ಲದ ನಾಲಿಗೆ. ಹೊಸ್ತಿಲಲ್ಲೇ ಕುಸಿದು ಕೂತು ಅತ್ತೆ. ಇವತ್ತೊಂದು ದಿನ ಬಂದು ಎಬ್ಬಿಸಿಕೊಡಿ, ನಿಮ್ಮ ಕಾಲಿಗೆ ಬೀಳ್ತೀನಿ ಎಂದೆ.

"ಹಳೇ ಕಂಪನಿ ಕೆಲಸ ಮುಟ್ಟಲ್ಲ ಅಂತ ಸೈನ್ ಹಾಕ್ಬುಟ್ಟಿದೀನಿ ಮೇಡಂ. ಬಂದ್ರೆ ನನ್ನ ಕೆಲಸ ಹೋಗುತ್ತೆ." ಒಳಗಿನಿಂದ ನೀರು ತಂದುಕೊಟ್ಟರು. "ಹಳೇ ಆಫೀಸಲ್ಲಿ ಇನ್ಯಾರು ಒಳ್ಳೆಯವರಿದ್ದಾರೆ ಅಂತ ಹೊಸ ಕಂಪನಿಯವರು ಕೇಳಿದ್ರು. ನಿಮ್ಮ ಹೆಸರು ಕೊಟ್ಟಿದೀನಿ."

ಬೈಗುಳ ತಿಂದ ಮೇಲೂ ಅದನ್ನು ಹೇಳಿದರು.

ಮಾರನೆಯ ಬೆಳಿಗ್ಗೆ ಬಂದವರು ನಾಲ್ಕು ಪದ ಹುಡುಕಿ, ಕೊಟ್ಟ ಕಾಫಿಯನ್ನೂ ಪೂರ್ತಿ ಕುಡಿಯದೆ ಎದ್ದರು. ಕರೆಂಟ್ ಹೋಗಿ ಮೆಷಿನ್ ಆಫ್ ಆಯಿತು ಎಂದು ಮಾಲೀಕರಿಗೆ ಹೇಳಿದೆ. ಗೆಳತಿ ಪಕ್ಕದಲ್ಲೇ ನಿಂತಿದ್ದಳು, ತುಟಿ ಪಿಟಕ್ಕೆನ್ನಲಿಲ್ಲ. ತಿಂಗಳು ತುಂಬುವುದರೊಳಗೆ ಆಫೀಸು ಮುಚ್ಚಿತು.

ಆ ದೊಡ್ಡ ಕಂಪನಿಯಿಂದ ನನಗೆ ಫೋನ್ ಬಂತು, ಹೋದೆ. ಇಂಟರ್‌ವ್ಯೂ ಮುಗಿಯುವಾಗ ನನ್ನನ್ನೂ ಅದೇ ಕೇಳಿದರು: ನಿಮ್ಮ ಹಳೇ ಆಫೀಸಿನಲ್ಲಿ ಇನ್ಯಾರಾದರೂ ಒಳ್ಳೆಯವರಿದ್ದಾರಾ?

ಗೆಳತಿಯ ಹೆಸರು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಬೇಡ ಎಂದರೂ ನಾನು ಗುಂಡಿ ಒತ್ತಿದ್ದನ್ನು ಕಣ್ಣಾರೆ ಕಂಡವಳು ಅವಳೊಬ್ಬಳೇ.

ಯಾರೂ ಇಲ್ಲ ಎಂದೆ.