ಮುನ್ನೂರ ನಲವತ್ತು ಹೆಜ್ಜೆ

ಮಂಡ್ಯದ ಬಾಡಿಗೆ ಮನೆಯಲ್ಲಿ, ಮಂಚಕ್ಕೂ ರಾಗಿ ಡ್ರಮ್ಮಿಗೂ ನಡುವೆ ಉಳಿದ ಎರಡು ಅಡಿ ಜಾಗವೇ ಕೆಂಪಾಜಮ್ಮನ ಜಿಮ್ಮು. ಫೋನಿನೊಳಗಿನ ಹುಡುಗಿ "ಜಂಪ್" ಎಂದರೆ, "ನೀನೇ ಎಗುರ್ಕೊ ತಾಯಿ, ನನ್ ಮಂಡಿ ನಿಂಗೇನ್ ಗೊತ್ತು" ಎಂದು ಗದರಿ, ಕುರ್ಚಿಯಲ್ಲಿ ಕೂತೇ ಹೆಜ್ಜೆ ಹಾಕುತ್ತಾಳೆ. ನಡುನಡುವೆ ಎದೆ ಮುಟ್ಟಿ ನೋಡಿಕೊಳ್ಳುತ್ತಾಳೆ. ಜೋರಾಗಿ ಬಡಿದರೂ ಭಯ, ಮೆಲ್ಲಗೆ ಬಡಿದರೂ ಭಯ. ವಿಡಿಯೋ ಮುಗಿದರೂ ಮುನ್ನೂರ ನಲವತ್ತು ಆಗದೆ ನಿಲ್ಲಿಸುವುದಿಲ್ಲ. ಮನೆಯಿಂದ ಆಟೋ ಸ್ಟ್ಯಾಂಡಿಗೆ ಅಷ್ಟೇ ಹೆಜ್ಜೆ. ಗಂಡನಿಗೆ ಎದೆನೋವು ಬಂದ ದಿನ ಆಟೋ ಕರೆತರಲು ಹೊರಟವಳು ಅರ್ಧ ದಾರಿಯಲ್ಲೇ ಮಂಡಿ ಹಿಡಿದುಕೊಂಡು ಕೂತುಬಿಟ್ಟಿದ್ದಳು. "ಸಾಕು ಬುಡಿ ಅತ್ತೆ, ಫೋನ್ ಮಾಡುದ್ರೆ ಆಟೋ ಬತ್ತದೆ" ಎನ್ನುತ್ತಾಳೆ ಎಂಟು ತಿಂಗಳ ಬಸುರಿ ಸೊಸೆ ಅರ್ಪಿತ. "ಅವತ್ತೂ ಫೋನ್ ಮಾಡಿದ್ದೆ ಕಣಮ್ಮ" ಎಂದು ಕೆಂಪಾಜಮ್ಮ ಮತ್ತೆ ಒಂದರಿಂದ ಶುರು ಮಾಡುತ್ತಾಳೆ.