ನನ್ನ ತಲೆಯ ಮೇಲಿನ ಆಣೆ

ಮುಂಬಯಿ ಪಕ್ಕದ ಆಗಿನ ದೊಂಬಿವಲಿಯ ಚಾಳುಗಳಲ್ಲಿ ಯಾರ ಮನೆಯ ಗುಟ್ಟೂ ಸಂಜೆಯವರೆಗೆ ಗುಟ್ಟಾಗಿ ಉಳಿಯುತ್ತಿರಲಿಲ್ಲ. ಗೋಡೆ ತೆಳು, ಇಡೀ ಚಾಳಿಗೆ ನಲ್ಲಿ ಒಂದೇ. ಅಂಥ ಕಡೆ, ಎಂಬತ್ತರ ದಶಕದ ನಡುವಿನ ಒಂದು ಬೇಸಿಗೆ ರಜೆಯಲ್ಲಿ, ಒಂಬತ್ತು ವರ್ಷದ ನಾನು ಒಂದು ಗುಟ್ಟನ್ನು ಆರು ದಿನ ಹೊಟ್ಟೆಯಲ್ಲಿಟ್ಟುಕೊಂಡಿದ್ದೆ. ನಾನು ಇನ್ನೇನು ಸಾಯಲಿದ್ದೇನೆ ಎಂಬುದೇ ಆ ಗುಟ್ಟು.

ನಾವು ಬಾಗಲಕೋಟೆ ಕಡೆಯವರು. ಅಪ್ಪ ಅಂಬರನಾಥದ ಕಾರ್ಖಾನೆಯೊಂದರಲ್ಲಿ ಫಿಟ್ಟರ್. ಅವನ ಕುಡಿತ ಮಿತಿಮೀರಿದಾಗ ಅವ್ವ ಅವನನ್ನು ದೇವರ ಮುಂದೆ ಕೂರಿಸಿ, ನನ್ನ ತಲೆಯ ಮೇಲೆ ಕೈ ಇಡಿಸಿ ಆಣೆ ಮಾಡಿಸಿದಳು. ಇನ್ನು ಮುಟ್ಟಿದರೆ ಈ ಕೂಸು ನನ್ನ ಪಾಲಿಗಿಲ್ಲ ಎಂದು ಅಪ್ಪ ಹೇಳಿದ. ಅವ್ವ ಹೋಳಿಗೆ ಮಾಡಿದಳು. ಮನೆಗೆ ದೊಡ್ಡ ಉಪಕಾರ ಮಾಡಿದವಳಂತೆ ನಾನು ಮೂರು ತಿಂದೆ.

ಮುಂದಿನ ಸೋಮವಾರ ಗಿರಣಿಯಿಂದ ಜೋಳದ ಹಿಟ್ಟು ಹಾಕಿಸಿಕೊಂಡು ಬರುತ್ತಿದ್ದೆ. ಸ್ಟೇಶನ್ ಹಿಂದಿನ ದಾರೂ ಅಂಗಡಿಯಿಂದ ಅಪ್ಪ ಬಾಯಿ ಒರೆಸಿಕೊಳ್ಳುತ್ತ ಹೊರಬಂದ. ನನ್ನನ್ನು ನೋಡಲಿಲ್ಲ. ಮನೆಗೆ ಬಂದಾಗ ಅವನ ಬಾಯಿ ಬಡೇಸೋಪು ನಾರುತ್ತಿತ್ತು. ನೆಗಡಿಯಾಗಿದ್ದ ಅವ್ವನಿಗೆ ಏನೂ ತಿಳಿಯಲಿಲ್ಲ.

ಹೇಳಿದರೆ ಅವ್ವ ಎದೆಯೊಡೆದುಕೊಳ್ಳುತ್ತಾಳೆ. ಹೇಳದಿದ್ದರೂ ದೇವರಿಗಂತೂ ಗೊತ್ತು. ಸಾವು ಯಾವ ಕಡೆಯಿಂದ ಬರುತ್ತದೆ ಎಂಬುದೊಂದೇ ನನಗೆ ಉಳಿದ ಪ್ರಶ್ನೆ. ಬಿದ್ದು ತಲೆ ಒಡೆದೀತೆಂದು ಕುಂಟೆಬಿಲ್ಲೆ ಆಡುವುದು ಬಿಟ್ಟೆ. ಲೋಕಲ್ ರೈಲಿನ ಹಳಿಯ ಹತ್ತಿರ ಸುಳಿಯಲಿಲ್ಲ. ಗಂಟಲಿಗೆ ಸಿಕ್ಕೀತೆಂದು ರೊಟ್ಟಿಯನ್ನು ಮಜ್ಜಿಗೆಯಲ್ಲಿ ನೆನೆಸಿ ನುಂಗಿದೆ. ಮಲಗುವಾಗ ಅವ್ವನ ಸೆರಗನ್ನು ಬೆರಳಿಗೆ ಸುತ್ತಿಕೊಂಡು, ಬೆಳಗ್ಗೆ ಕಣ್ಣು ಬಿಟ್ಟರೆ ಮೊದಲು ಉಸಿರು ನೋಡಿಕೊಳ್ಳುತ್ತಿದ್ದೆ.

ಅಷ್ಟರಲ್ಲಿ ಅಪ್ಪನ ಫೋರಮನ್ನನಿಗೆ ವಾಸನೆ ಹತ್ತಿತ್ತು. ಪಕ್ಕದ ಊರು ಕಲ್ಯಾಣದಲ್ಲಿ ತಲಾವದ, ಅಂದರೆ ಕೆರೆಯ, ಹತ್ತಿರ ಒಂದು ಶಾಲೆಯಲ್ಲಿ ಭಾನುವಾರ ಸಂಜೆ ಕುಡಿತ ಬಿಡುವವರ ಮೀಟಿಂಗ್ ಇರುತ್ತದೆ, ಹೋಗು, ಇಲ್ಲವಾದರೆ ಕೆಲಸಕ್ಕೆ ಬರಬೇಡ ಎಂದಿದ್ದ. ಅಪ್ಪ ಮನೆಯಲ್ಲಿ, ಆಣೆ ಗಟ್ಟಿಯಾಗಲೆಂದು ಸಾಹೇಬರು ಕಳಿಸುತ್ತಿದ್ದಾರೆ ಎಂದ. ಹೆಣ್ಣುಮಗಳ ಕೈ ಹಿಡಿದುಕೊಂಡು ಯಾವ ಗಂಡಸೂ ದಾರೂ ಅಂಗಡಿಗೆ ಹೋಗುವುದಿಲ್ಲ ಎಂಬುದು ಅವ್ವನ ಲೆಕ್ಕ. ನನಗೆ ಹೊಸ ಲಂಗ ತೊಡಿಸಿ ಅವನ ಜೊತೆ ಕಳಿಸಿದಳು. ಮುರಿದ ಆಣೆಗೆ ಏನಾದರೂ ಪರಿಹಾರವಿದ್ದರೆ ಅದು ಅಲ್ಲೇ ಇರಬೇಕೆಂದು ನಾನು ಒಳಗೊಳಗೇ ಗಟ್ಟಿ ಮಾಡಿಕೊಂಡಿದ್ದೆ.

ತಲಾವದ ಹತ್ತಿರ ಶಾಲೆಗಳು ಎರಡಿದ್ದವು. ಮೊದಲನೆಯದರಲ್ಲಿ ಮದುವೆ ನಡೆದಿತ್ತು. ಇನ್ನೊಂದರ ದಾರಿ ಕೇಳಲು ಅಪ್ಪನಿಗೆ ನಾಚಿಕೆ, ನೀನೇ ಕೇಳು ಎಂದು ನನ್ನನ್ನು ಮುಂದೆ ತಳ್ಳಿದ. ದಾರೂ ಬಿಡುವವರ ಸಭೆ ಎಲ್ಲಿ ಎಂದು ಪಾನ್ ಅಂಗಡಿಯವನನ್ನು ಮರಾಠಿಯಲ್ಲಿ ಕೇಳಿದೆ. ಅವನು ನನಗೆ ಉತ್ತರ ಕೊಡದೆ ಅಪ್ಪನನ್ನು ಅಡಿಯಿಂದ ಮುಡಿಯವರೆಗೆ ನೋಡಿ ನಕ್ಕ. ಅಪ್ಪ ತಿರುಗಿ ನಡೆದುಬಿಟ್ಟ.

"ನಡಿ ಪಾರಿ, ಹೊಳ್ಳಿ ಹೋಗೂಣು. ಸಿಗಲಿಲ್ಲಂತ ನಿಮ್ಮವ್ವಗ ಹೇಳೂಣು."

ರಸ್ತೆಯ ನಡುವೆಯೇ ಅವನ ಅಂಗಿ ಹಿಡಿದು ಜಗ್ಗಿದೆ, ಅಳುತ್ತ ಮಣ್ಣಿನಲ್ಲಿ ಕುಳಿತೆ. ನನಗೇನಾಗಿದೆ ಎಂದು ಅವನಿಗೆ ತಿಳಿಯಲಿಲ್ಲ. ಕೊನೆಗೆ ಜನ ಸೇರುತ್ತಾರೆಂದು ಹೆದರಿ ಎರಡನೆಯ ಶಾಲೆಯತ್ತ ಹೆಜ್ಜೆ ಹಾಕಿದ.

ಮಕ್ಕಳ ಬೆಂಚುಗಳಲ್ಲಿ ಮೊಣಕಾಲು ಮಡಚಿಕೊಂಡು ಏಳೆಂಟು ಗಂಡಸರು ಕೂತಿದ್ದರು. ಅಪ್ಪ ಒಳಗೆ ಹೋದ. ವರಾಂಡದಲ್ಲಿ ಚಹಾ ಸೋಸುತ್ತಿದ್ದ ಮುದುಕರೊಬ್ಬರು ನನಗೆ ಬಿಸ್ಕೀಟು ಕೊಟ್ಟು, ಅಪ್ಪನೂ ನಾನೂ ಆಡಿದ ಮಾತು ಕೇಳಿದ್ದರೇನೋ, ಕನ್ನಡದಲ್ಲೇ ಮಾತಾಡಿಸಿದರು. ಉಡುಪಿ ಕಡೆಯವರು, ಹಿಂದೆ ಹೋಟೆಲಿನಲ್ಲಿದ್ದವರು. ಕನ್ನಡ ಕೇಳಿದ್ದೇ ತಡ, ಆರು ದಿನದ ಗುಟ್ಟು ಬಾಯಿಗೆ ಬಂತು.

"ಅಜ್ಜಾ, ನಮ್ಮಪ್ಪ ನನ್ನ ತಲಿ ಮ್ಯಾಲೆ ಆಣಿ ಮಾಡಿ ಕುಡದಾನ. ನಾ ಯಾವಾಗ ಸಾಯ್ತೀನಿ?"

ಅವರು ಚಹಾದ ಪಾತ್ರೆ ಕೆಳಗಿಟ್ಟರು.

"ನಾನು ನನ್ನ ಮಗನ ತಲೆ ಮೇಲೆ ಮೂರು ಸರ್ತಿ ಆಣೆ ಹಾಕಿದ್ದೆ ಮಾರಾಯ್ತಿ, ಮೂರು ಸರ್ತಿಯೂ ಕುಡಿದೆ. ಅವನಿಗೆ ಎಂತದೂ ಆಗ್ಲಿಲ್ಲ. ಈಗ ನನಗಿಂತ ಉದ್ದ ಇದ್ದಾನೆ. ಇಲ್ಲಿ ಯಾರೂ ಆಣೆ ಹಾಕುವುದಿಲ್ಲ, ಇವತ್ತೊಂದು ದಿನ ಕುಡಿಯುವುದಿಲ್ಲ ಅಂತ ಹೇಳುವುದು, ಅಷ್ಟೇ. ಕುಡಿದರೆ ಸಾಯುವುದು ಕುಡಿದವನು, ನೀನಲ್ಲ."

ತಿರುಗಿ ನೋಡಿದರೆ ಬಾಗಿಲಲ್ಲಿ ಅಪ್ಪ. ಬೀಡಿ ಸೇದಲು ಎದ್ದು ಬಂದವನು ಎಲ್ಲ ಕೇಳಿಸಿಕೊಂಡಿದ್ದ. ಬೀಡಿ ಹಚ್ಚದೆ ಒಳಗೆ ಹೋದ. ಸ್ವಲ್ಪ ಹೊತ್ತಿಗೆ ಅವನ ದನಿ ಕೇಳಿತು. ಮರಾಠಿ ಶುರು ಮಾಡಿ ನಡುವೆ ತಡವರಿಸಿ ಕನ್ನಡಕ್ಕೆ ಬಂದಿದ್ದ.

"ಸೋಮಾರ ಕುಡದೀನ್ರಿ. ನನ್ನ ಮಗಳು ನೋಡ್ಯಾಳ."

ಮುದುಕರು ಒಳಗೆ ಹೋಗಿ ಅದನ್ನು ಮರಾಠಿಯಲ್ಲಿ ಹೇಳಿದರು. ಯಾರೂ ನಗಲಿಲ್ಲ.

ಅಂದು ಕಲ್ಯಾಣ ಸ್ಟೇಶನ್ನಿನಲ್ಲಿ ಅಪ್ಪ ವಡಾಪಾವ್ ಕೊಡಿಸಿದ. ಆರು ದಿನದ ಮೇಲೆ ನಾನು ಹೆದರದೆ ನುಂಗಿದೆ. ಅರ್ಧ ತಿನ್ನುವಷ್ಟರಲ್ಲಿ ಮುದುಕರ ಕೊನೆಯ ಮಾತು ಪೂರ್ತಿ ಅರ್ಥವಾಯಿತು. ಸಾಯುವವಳು ನಾನಲ್ಲ, ಅಪ್ಪ. ಉಳಿದರ್ಧ ಇಳಿಯಲಿಲ್ಲ.

ಆಮೇಲೂ ಅಪ್ಪ ಎರಡು ಸಲ ಜಾರಿದ, ಎರಡು ಸಲವೂ ಆ ಬೆಂಚಿಗೆ ಮರಳಿದ, ಮತ್ತೆ ಮುಟ್ಟಲಿಲ್ಲ. ನನಗೆ ಮಾತ್ರ ನಂಬಿಕೆ ಬರಲಿಲ್ಲ. ಮದುವೆಯಾಗಿ ಬೇರೆ ಊರಿಗೆ ಹೋದ ಮೇಲೂ ಭಾನುವಾರ ಸಂಜೆ ಫೋನ್ ಮಾಡಿ, ಏನೋ ನೆವ ತೆಗೆದು, ಅವನ ನಾಲಿಗೆ ತೊದಲುತ್ತಿದೆಯೇ ಎಂದು ಕಿವಿಗೊಟ್ಟು ಕೇಳುತ್ತಿದ್ದೆ. ಅವನಿಗೂ ಅದು ಗೊತ್ತಿತ್ತು, ಬೇಕೆಂದೇ ನಿಧಾನವಾಗಿ, ಬಿಡಿಸಿ ಬಿಡಿಸಿ ಮಾತಾಡುತ್ತಿದ್ದ. ಅಪ್ಪ ಹೋಗಿ ಹನ್ನೆರಡು ವರ್ಷವಾಯಿತು. ಈಗ ಭಾನುವಾರ ಸಂಜೆ ಯಾರ ಬಗ್ಗೆಯೂ ಹೆದರಬೇಕಾಗಿಲ್ಲ. ಆ ಹೆದರಿಕೆ ಇನ್ನೊಂದೇ ಒಂದು ಸಂಜೆಗೆ ಮರಳಿ ಬಂದಿದ್ದರೆ ಎನಿಸುತ್ತದೆ.