ಅಜ್ಜಿ ಸೀರೆ ಬೆಂದ ದಿನ

ನನಗೆ ಕೊಳಕು ಕಂಡರೆ ಆಗುವುದಿಲ್ಲ. ಇದು ಹುಟ್ಟುಗುಣ, ನರ್ಸ್ ಕೆಲಸ ಕಲಿತ ಮೇಲೆ ಬಂದದ್ದಲ್ಲ. ಯಲಿಯೂರಿನ ನಮ್ಮ ಮನೆಯಲ್ಲಿ ಕುಡಿಯುವ ನೀರಿನ ಚೆಂಬಿಗೆ ಯಾರಾದರೂ ಬೆರಳು ಅದ್ದಿದರೆ ಸಾಕು, ಅಷ್ಟೂ ನೀರನ್ನು ಅಂಗಳಕ್ಕೆ ಚೆಲ್ಲಿಬಿಡುತ್ತಿದ್ದೆ. “ಇವಳ್ನ ಯಾವ್ ಮನೆಗೆ ಕೊಟ್ರೂ ಅವ್ರ ಬಾವಿ ಬತ್ತೋಯ್ತದೆ” ಎಂದು ಅವ್ವ ಗೊಣಗುತ್ತಿದ್ದಳು. ಕೊನೆಗೆ ಯಾವ ಮನೆಗೂ ಕೊಡಲಿಲ್ಲ. ಮೈಸೂರಿಗೆ ಕಳಿಸಿ ಹೆರಿಗೆ ಮಾಡಿಸುವ ಕೆಲಸ ಕಲಿಸಿದರು. ಎರಡನೆಯ ಮಹಾಯುದ್ಧ ಶುರುವಾಗಿ ಒಂದೆರಡು ವರ್ಷಕ್ಕೆ, ಮದ್ದೂರಿಗೂ ಮಳವಳ್ಳಿಗೂ ನಡುವಿನ ಒಂದು ಸಣ್ಣ ಆಸ್ಪತ್ರೆಯ ಹೆರಿಗೆ ಕೋಣೆ ನನ್ನ ಪಾಲಿಗೆ ಬಂತು.

ನಾಲ್ಕು ಮಂಚ, ಒಂದು ಮೇಜು, ಹಿತ್ತಿಲಲ್ಲಿ ಒಲೆಯ ಮೇಲೆ ಒಂದು ದೊಡ್ಡ ತಾಮ್ರದ ಹಂಡೆ. ಇಷ್ಟೇ ನನ್ನ ರಾಜ್ಯ. ಆದರೆ ಅಲ್ಲಿ ನಾನು ಹೇಳಿದ್ದೇ ಕಾಯಿದೆ. ಬಾಗಿಲ ಪಕ್ಕದ ಬೇಸಿನ್ನಿನಲ್ಲಿ ಕೈ ತೊಳೆಯದೆ ಒಳಗೆ ಕಾಲಿಡುವಂತಿಲ್ಲ. ಮನೆಯಿಂದ ತಂದ ಬಟ್ಟೆ ಹಂಡೆಯಲ್ಲಿ ಕುದಿಯದೆ ಮಂಚ ಸೇರುವಂತಿಲ್ಲ. ಗೌಡನಾಗಲಿ, ಶಾನುಭೋಗನಾಗಲಿ, ಮಗು ನೋಡಲು ಬಂದರೆ ಮೊದಲು ನನಗೆ ಉಗುರು ತೋರಿಸಬೇಕು. ಸುತ್ತಮುತ್ತಲ ಹಳ್ಳಿಗಳಲ್ಲಿ ನನಗೆ ‘ಕೈ ತೊಳಿ ನರ್ಸವ್ವ’ ಎಂಬ ಹೆಸರು ಬಿತ್ತು. ನನ್ನ ಹಿಂದೆ ನಗುತ್ತಿದ್ದರು, ನನ್ನ ಮುಂದೆ ತೊಳೆಯುತ್ತಿದ್ದರು. ನನಗೆ ಬೇಕಾಗಿದ್ದದ್ದೂ ಅಷ್ಟೆ.

ಯುದ್ಧದ ದಿನಗಳಲ್ಲಿ ಬಟ್ಟೆಗೆ ತುಂಬಾ ಬರ. ಆಸ್ಪತ್ರೆಯ ದುಪ್ಪಟಿಗಳು ಜರಡಿಯ ಹಾಗೆ ಆಗಿದ್ದವು. ಹೀಗಾಗಿ ಬಸುರಿಯರು ಹಳೆಯ ಸೀರೆ ಪಂಚೆಗಳನ್ನು ಗಂಟು ಕಟ್ಟಿ ತರುತ್ತಿದ್ದರು. ನಮ್ಮ ಕಡೆ ಹುಟ್ಟಿದ ಕೂಸನ್ನು ಹೊಸ ಬಟ್ಟೆಯ ಮೇಲೆ ಮಲಗಿಸುವುದೂ ಇಲ್ಲ. ಮೊದಲು ಅದರ ಮೈಗೆ ಸೋಕಬೇಕಾದದ್ದು ಹಿರಿಯರು ಉಟ್ಟು ಹಳೆಯದಾದ ಬಟ್ಟೆ, ಅವರ ಆಯಸ್ಸು ಕೂಸಿಗೂ ಬರಲಿ ಎಂದು. ಈ ಪದ್ಧತಿಯ ಮೇಲೆ ನನಗೇನೂ ಮುನಿಸಿರಲಿಲ್ಲ. ಹಳೆಯ ಬಟ್ಟೆ ಮೆತ್ತಗಿರುತ್ತದೆ, ಕುದಿಸಿದರೆ ಇನ್ನೂ ಮೆತ್ತಗಾಗುತ್ತದೆ.

ಹೀಗಿರುವಾಗ ಒಂದು ಸುಗ್ಗಿಯ ಹೊತ್ತಿನಲ್ಲಿ ನನ್ನ ಕೋಣೆಗೆ ಜ್ವರ ಹೊಕ್ಕಿತು. ಹೆರಿಗೆಯೇನೋ ಹೂವೆತ್ತಿದ ಹಾಗೆ ಆಗುತ್ತಿತ್ತು. ಎರಡು ದಿನ ಕಳೆಯುವಷ್ಟರಲ್ಲಿ ಬಾಣಂತಿ ಗಡಗಡ ನಡುಗಲು ಶುರು. ಒಬ್ಬಳಾದ ಮೇಲೆ ಒಬ್ಬಳು. ಬೆಸಗರಹಳ್ಳಿಯ ಹುಡುಗಿಯೊಬ್ಬಳಂತೂ ಸಾವಿನ ಹೊಸಿಲವರೆಗೆ ಹೋಗಿ ಹಿಂತಿರುಗಿದಳು. ಪೆನ್ಸಿಲಿನ್ ಇನ್ನೂ ನಮ್ಮ ಕಡೆ ಬಂದಿರದ ಕಾಲ ಅದು. ಅವಳು ಎದ್ದು ಕೂತು ಗಂಜಿ ಕೇಳಿದ ದಿನ ನಾನು ಹಿತ್ತಿಲಿಗೆ ಹೋಗಿ ಅತ್ತೆ. ಆಮೇಲೆ ನೆಲಕ್ಕೆ ಲೈಸಾಲ್ ಸುರಿದು ಉಜ್ಜಿದೆ, ಗೋಡೆಗೆ ಸುಣ್ಣ ಹೊಡೆಸಿದೆ, ಕತ್ತರಿಗಳನ್ನು ಮೊದಲಿಗಿಂತ ಹೆಚ್ಚು ಹೊತ್ತು ಕುದಿಸಿದೆ. ಜ್ವರ ಮಾತ್ರ ಹೋಗಲಿಲ್ಲ.

ನಮ್ಮ ಡಾಕ್ಟರು ಮೇಲಕ್ಕೆ ತಿಳಿಸಿದರು. ಕೋಣೆಯ ಚೊಕ್ಕಟ ಹೇಗಿದೆ ಎಂದು ಪರೀಕ್ಷೆ ಮಾಡಲು ಮೈಸೂರಿನಿಂದ ಒಬ್ಬ ಲೇಡಿ ಡಾಕ್ಟರನ್ನು ಕಳಿಸಿದರು. ಬಿಳಿ ಸೀರೆ, ಬಳೆಯಿಲ್ಲದ ಕೈ, ನಗದ ಮುಖ. ಬಂದವರೇ ನನ್ನ ಕಡೆ ತಿರುಗಿ, “ಎಲ್ಲಿ, ನಿಮ್ಮ ಉಗುರು ತೋರಿಸಿ” ಅಂದರು. ನನಗೆ ಮೈಯೆಲ್ಲಾ ಉರಿಯಿತು. ಊರವರ ಉಗುರು ನೋಡುವವಳು ನಾನು, ನನ್ನ ಉಗುರು ಕೇಳುವುದಕ್ಕೆ ಇವರು ಯಾರು? ಆದರೂ ತೋರಿಸಿದೆ. ಏನೂ ಸಿಗಲಿಲ್ಲ. ಬಾಗಿಲ ಚೌಕಟ್ಟಿನ ಮೇಲೆ ಬೆರಳಾಡಿಸಿ ನೋಡಿದರು, ಧೂಳಿಲ್ಲ. ಸೋಪು ನೋಡಿದರು, ಬೇಸಿನ್ ನೋಡಿದರು, ಹಂಡೆಯ ಮುಚ್ಚಳ ತೆಗೆಸಿ ಹಬೆ ಮುಖಕ್ಕೆ ರಾಚುವವರೆಗೆ ಬಗ್ಗಿ ನೋಡಿದರು. ನನ್ನ ಉರಿ ಇಳಿದು, ಒಳಗೊಳಗೇ ಜಂಬ ಏರುತ್ತಿತ್ತು.

ಆಮೇಲೆ ಅವರು ಒಬ್ಬ ಬಾಣಂತಿಯ ಮಂಚದ ಹತ್ತಿರ ನಿಂತು ಹಾಸಿಗೆಯ ದುಪ್ಪಟಿಯನ್ನು ಮೇಲಕ್ಕೆತ್ತಿದರು. ಅದರಡಿಯಲ್ಲಿ ಕೆಂಪಂಚಿನ ಒಂದು ಹಸುರು ಸೀರೆ ಮಡಿಸಿಟ್ಟಿತ್ತು. ಬಣ್ಣ ಮಾಸಿತ್ತು, ಅಲ್ಲಲ್ಲಿ ಕಲೆ ನಿಂತಿತ್ತು. ಕೋಣೆಯಲ್ಲಿದ್ದ ಹೆಂಗಸರು ಮುಖ ಮುಖ ನೋಡಿಕೊಂಡರು.

“ಇದೇನು?” ಅಂತ ಡಾಕ್ಟರಮ್ಮ ಕೇಳಿದರು.

ಬಾಣಂತಿಯ ತಾಯಿ ಸೆರಗು ಬಾಯಿಗಿಟ್ಟುಕೊಂಡು ಅಂದಳು, “ಅಜ್ಜಿ ಸೀರೆ ಕಣವ್ವ. ಕುದಿಸ್ಬ್ಯಾಡಿ. ಕುದಿಸುದ್ರೆ ಅದ್ರ ಗುಣ ಒಂಟೋಯ್ತದೆ.”

ಆಗ ಒಂದೊಂದಾಗಿ ಎಲ್ಲ ಹೊರಬಂತು. ಕಿರುಗಾವಲಿನ ಪಕ್ಕದ ಹಳ್ಳಿಯೊಂದರಲ್ಲಿ ಹತ್ತು ಮಕ್ಕಳನ್ನು ಹೆತ್ತ ಒಬ್ಬ ಅಜ್ಜಿ ಇದ್ದಳಂತೆ. ಹೆತ್ತ ಮಕ್ಕಳಲ್ಲಿ ಅರ್ಧ ಮಣ್ಣು ಸೇರುತ್ತಿದ್ದ ಕಾಲದಲ್ಲಿ ಅವಳ ಹತ್ತಕ್ಕೆ ಹತ್ತೂ ಬದುಕಿದ್ದವು, ಗಂಡನೂ ಗಟ್ಟಿಯಾಗಿದ್ದ. ಆ ಹತ್ತೂ ಹೆರಿಗೆಯಲ್ಲಿ ಅವಳು ಮೈಕೆಳಗೆ ಹಾಸಿಕೊಂಡಿದ್ದು ಈ ಸೀರೆಯನ್ನೇ. ತುಂಬಿದ ಬಸುರಿಯ ಮನೆಯವರು ವೀಳ್ಯದೆಲೆ ಅಡಿಕೆ ಕೊಟ್ಟು ಸೀರೆ ಕೇಳಿ ತರುವರು. ಹೆರಿಗೆಯಾಗಿ ಪುರುಡಿನ ಮೈಲಿಗೆ ಕಳೆದ ಮೇಲೆ ಒಗೆದು, ಬಿಸಿಲಿಗೆ ಒಣಗಿಸಿ, ತೆಂಗಿನಕಾಯಿ ಬೆಲ್ಲದ ಜೊತೆ ಹಿಂದಕ್ಕೆ ಮುಟ್ಟಿಸುವರು. ಯುದ್ಧಕ್ಕೆ ಮೊದಲು ಹೀಗೇ ನಡೆದು ಬಂದಿತ್ತು. ಈಗ ಪೆಟ್ರೋಲಿಲ್ಲ. ಇದ್ದಿಲು ಉರಿಸಿ ಓಡಿಸುವ ಬಸ್ಸು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಅಷ್ಟು ದೂರ ತಿರುಗಾಡುವವರು ಯಾರು ಎಂದುಕೊಂಡು ಹೆಂಗಸರು ಸೀರೆಯನ್ನು ಒಂದು ಮಂಚದಿಂದ ಇನ್ನೊಂದು ಮಂಚಕ್ಕೆ ದಾಟಿಸಲು ತೊಡಗಿದ್ದರು. ಮಿಕ್ಕ ಬಟ್ಟೆಗಳನ್ನೆಲ್ಲ ನನ್ನ ಹಂಡೆಗೆ ಕೊಟ್ಟು, ಇದೊಂದನ್ನು ಮಾತ್ರ ನನ್ನ ಕಣ್ಣು ತಪ್ಪಿಸಿ ದುಪ್ಪಟಿಯಡಿ ಸೇರಿಸುತ್ತಿದ್ದರು.

ಡಾಕ್ಟರಮ್ಮ ನನ್ನನ್ನು ಹೊರಗೆ ಕರೆದರು. “ಜ್ವರ ಇದರ ಮೇಲೆ ಕೂತು ಮಂಚದಿಂದ ಮಂಚಕ್ಕೆ ಹೋಗಿದೆ. ಈಗಲೇ ಸುಟ್ಟುಹಾಕಿ” ಅಂದರು.

“ಸುಟ್ಟರೆ ನಾಳೆಯಿಂದ ಇಲ್ಲಿಗೆ ಒಬ್ಬ ಬಸುರಿಯೂ ಬರುವುದಿಲ್ಲ ಡಾಕ್ಟರಮ್ಮ. ಮನೆಯಲ್ಲೇ ಕುಡುಗೋಲಿನಲ್ಲಿ ಹೊಕ್ಕುಳಬಳ್ಳಿ ಕುಯ್ದುಕೊಳ್ಳುತ್ತಾರೆ” ಅಂದೆ.

ಅವರು ತಮ್ಮ ಚೀಲ ಎತ್ತಿಕೊಂಡರು. “ಸರಿ, ನಿಮ್ಮ ಜನ, ನೀವೇ ನೋಡಿಕೊಳ್ಳಿ. ನಾನು ಇನ್ನೆರಡು ತಿಂಗಳಿಗೆ ಮತ್ತೆ ಬರುತ್ತೇನೆ. ಅಷ್ಟರಲ್ಲಿ ಇನ್ನೊಬ್ಬಳಿಗೆ ಜ್ವರ ಬಂದರೂ ಈ ಕೋಣೆಗೆ ಬೀಗ ಹಾಕಿಸುತ್ತೇನೆ” ಎಂದು ಹೇಳಿ ಹೊರಟರು. ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ, ಅದಕ್ಕೇ ನನಗೆ ಇನ್ನೂ ಸಿಟ್ಟು ಬಂತು.

ಸೀರೆಯನ್ನು ಮಂಚದಿಂದ ತೆಗೆಸಿ ಬೇರೆ ಇಟ್ಟು, ಅದನ್ನು ಕುದಿಸಲು ಅಜ್ಜಿಯನ್ನೇ ಒಪ್ಪಿಸೋಣವೆಂದು ಮಾರನೆಯ ದಿನ ಇದ್ದಿಲಿನ ಬಸ್ಸು ಹತ್ತಿದೆ. ಆ ಬಸ್ಸಿಗೆ ಏರು ಕಂಡರೆ ಏದುಸಿರು. ದಿಬ್ಬ ಬಂದಲ್ಲೆಲ್ಲ ಗಂಡಸರು ಇಳಿದು ತಳ್ಳುತ್ತಿದ್ದರು. ನಾವು ಹೆಂಗಸರು ಒಳಗೆ ಕೂತು, “ತಳ್ರಣ್ಣಾ, ಉಂಡಿದ್ದು ಕರಗ್ಲಿ” ಎಂದು ಹುರಿದುಂಬಿಸುತ್ತಿದ್ದೆವು. ಕಿರುಗಾವಲಿನಲ್ಲಿ ಇಳಿದು ಗದ್ದೆಯ ಬದುವಿನ ಮೇಲೆ ನಡೆದು ಅಜ್ಜಿಯ ಊರು ತಲುಪಿದೆ.

ಅಜ್ಜಿ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದಳು. ಬಾಯಿ ತುಂಬ ಎಲೆ ಅಡಿಕೆ. ಪಕ್ಕದಲ್ಲಿ ಆರೇಳು ತಿಂಗಳ ಬಸುರಿ ಮೊಮ್ಮಗಳು. ನಾನು ಬಂದ ವಿಷಯ ಹೇಳುತ್ತಿದ್ದಂತೆಯೇ ಅಜ್ಜಿಯ ಕೈ ನಿಂತಿತು.

“ಏನ್ ನರ್ಸವ್ವ, ನನ್ ಸೀರೆ ಕೊಳಕು ಅಂತ ಏಳಕ್ಕೆ ಇಲ್ಲಿಗಂಟ ಬಂದ್ಯಾ? ಅತ್ತು ಮಕ್ಕಳ ಎತ್ತಿವ್ನಿ ಕಣವ್ವ ಅದ್ರ ಮ್ಯಾಲೆ. ನಂಗೆ ಒಂದ್ ದಿವ್ಸ ಮೈ ಬಿಸಿ ಆಗ್ನಿಲ್ಲ!”

“ಆಗ ಅದು ನಿನ್ನೊಬ್ಳುದೇ ಆಗಿತ್ತು ಕಣಜ್ಜಿ” ಅಂದೆ. ನನಗೂ ಕೋಪ ನೆತ್ತಿಗೇರಿತ್ತು. “ಈಗ ಒಬ್ಳು ಬಾಣ್ತಿ ಮಂಚದಿಂದ ಎದ್ದಿರಕ್ಕಿಲ್ಲ, ಅಸೀ ಇರೋ ಸೀರೆನ ಇನ್ನೊಬ್ಳು ಮಂಚುಕ್ಕೆ ಆಕ್ತಾವ್ರೆ.”

ಅಜ್ಜಿ ನನ್ನ ಮುಖವನ್ನೇ ದುರುಗುಟ್ಟಿ ನೋಡಿದಳು. “ಏನಂದೆ? ಒಗುದು ಒಣಗ್ಸಿ ತಂದ್ಕೊಡ್ತಾ ಇಲ್ವಾ?”

“ಬಸ್ಸೆಲ್ಲಿ ಅದೆ ಅಜ್ಜಿ? ಆಸ್ಪತ್ರೇಲೇ ಸುತ್ತುತಾ ಅದೆ.”

“ಪುರುಡು ಕಳೀದಿರೋ ಬಟ್ಟೆಯಾ? ಪುರುಡು ಕಳೀದಿರೋ ಬಟ್ಟೆಯ ಇನ್ನೊಬ್ಳು ಬಸ್ರಿ ಮೈ ಕೆಳಕ್ಕೆ ಆಕುದ್ರಾ?” ಅಜ್ಜಿಯ ದನಿ ಬೀದಿಯ ಕೊನೆಯವರೆಗೂ ಕೇಳಿಸಿರಬೇಕು. ಬಾಣಂತಿಯ ಬಟ್ಟೆಯನ್ನು ಪುರುಡು ಕಳೆಯುವ ತನಕ ಬೇರೆಯವರು ಮುಟ್ಟುವ ಹಾಗಿಲ್ಲ ಎಂಬುದು ನಮ್ಮ ಕಡೆ ಕೈಗೂಸಿಗೂ ಗೊತ್ತಿರುವ ಮಾತು. ನಾನು ಮೈಸೂರಿನಲ್ಲಿ ಕಲಿತು ಬಂದ ಕ್ರಿಮಿಯ ಪಾಠವನ್ನೆಲ್ಲ ಬಾಯಲ್ಲಿ ಸಿದ್ಧ ಮಾಡಿಕೊಂಡಿದ್ದೆ. ಅದರಲ್ಲಿ ಒಂದಕ್ಷರವೂ ಬೇಕಾಗಲಿಲ್ಲ. ಅವಳು ಅಲ್ಲಿಲ್ಲದ ಆ ಹೆಂಗಸರನ್ನು ಬೈಯುತ್ತಲೇ ಅವರೆಕಾಯಿಯ ಮೊರವನ್ನು ಬದಿಗೆ ತಳ್ಳಿ ಎದ್ದಳು. “ನಡಿ, ನಾನೂ ಬತ್ತೀನಿ” ಅಂದಳು.

ಆಸ್ಪತ್ರೆಗೆ ಬಂದವಳು ಮೊದಲು ಒಂದು ಸುತ್ತು ಎಲ್ಲರಿಗೂ ಬಾಯಿತುಂಬ ಬೈದಳು. ಬಾಣಂತಿಯರು, ಅವರ ತಾಯಂದಿರು, ಕಾಂಪೌಂಡರು, ಯಾರನ್ನೂ ಬಿಡಲಿಲ್ಲ. ಆಮೇಲೆ ತಾನೇ ಸೀರೆಯನ್ನು ಎತ್ತಿಕೊಂಡು ಹಿತ್ತಿಲಿಗೆ ಹೋಗಿ ಹಂಡೆಯ ಮುಂದೆ ನಿಂತಳು. ಹೆಂಗಸರು ಹಿಂದೆಯೇ ಓಡಿದರು. “ಬ್ಯಾಡ ಕಣಜ್ಜಿ, ಗುಣ ಬೆಂದೋಯ್ತದೆ” ಎಂದು ಒಬ್ಬಳು ಕೈ ಹಿಡಿದುಕೊಂಡಳು.

“ಬೆಂದ್ರೆ ಓಗೋ ಗುಣ ಅದೆಂತಾ ಗುಣ್ವೇ? ಇಟ್ಟು ಬೆಂದ್ರೆ ತಾನೆ ಮುದ್ದೆ ಆಗೋದು!” ಎಂದು ಸೀರೆಯನ್ನು ಕುದಿಯುವ ನೀರಿಗೆ ಅದ್ದಿ ಕೋಲಿನಿಂದ ಕೆಳಕ್ಕೆ ಒತ್ತಿದಳು. ಮಾಸಿದ ಸೀರೆಯಲ್ಲಿ ಅಷ್ಟು ಬಣ್ಣ ಎಲ್ಲಿತ್ತೋ, ನೀರು ಹಸುರಾಯಿತು. ಅಜ್ಜಿ ಒಲೆಯ ಮುಂದೆಯೇ ಕುಕ್ಕರಗಾಲಲ್ಲಿ ಕೂತು ಸೌದೆ ನೂಕುತ್ತಿದ್ದಳು. ಅವಳ ಕಣ್ಣಲ್ಲಿ ನೀರಿತ್ತು. ಹೊಗೆಗೆ ಎಂದುಕೊಳ್ಳುವಷ್ಟು ದಡ್ಡಿ ನಾನಲ್ಲ. ಅವಳ ಹತ್ತೂ ಮಕ್ಕಳು ಹುಟ್ಟಿದ ಸೀರೆ ಅದು.

ಸೀರೆ ಒಣಗಿದ ಮೇಲೆ ಇನ್ನೊಂದು ಮಾತು ಎತ್ತಬೇಕಿತ್ತು. ಕುದಿಸಿದರೂ ಇರುವುದು ಒಂದೇ ಸೀರೆ, ಮತ್ತೆ ಕೈಯಿಂದ ಕೈಗೆ ಹೋಗುವುದೇ. ಒಬ್ಬೊಬ್ಬಳಿಗೆ ಒಂದೊಂದು ತುಂಡಾದರೆ ಸರಿ. ಆದರೆ ಮುತ್ತೈದೆಯ ಸೀರೆಯನ್ನು, ಅವಳ ಗಂಡ ಬದುಕಿರುವಾಗ, ಹರಿ ಎಂದು ಯಾವ ನಾಲಿಗೆಯಿಂದ ಹೇಳುವುದು? ಅಂತೂ ಅಳುಕುತ್ತಲೇ ಹೇಳಿದೆ. ಹೆಂಗಸರು ‘ಬಿಡ್ತು ಅನ್ನು’ ಎಂದು ಕೆನ್ನೆ ಬಡಿದುಕೊಂಡರು.

ಅಜ್ಜಿ ಸೀರೆಯ ಅಂಚನ್ನು ಬೆರಳಲ್ಲಿ ಸವರಿದಳು. ಆಮೇಲೆ ಅಂದಳು, “ಅತ್ತು ಮಕ್ಕಳ್ಗೂ ಒಂದೇ ಮಡಕೇಲಿ ಬೇಯ್ಸಿವ್ನಿ. ಇಕ್ಕುವಾಗ ತಣಿಗೆ ಬ್ಯಾರೆ ಬ್ಯಾರೆನೇ ಇಕ್ಕಿವ್ನಿ. ನನ್ ಗಂಡ ಒಂದ್ ಸೀರೆ ಅರುದ್ರೆ ಸಾಯೋ ಆಳಲ್ಲ ಬುಡಿ.” ನಾನು ಕತ್ತರಿ ಕೊಡಲು ಹೋದರೆ ತಳ್ಳಿದಳು. ಅಂಚಿಗೆ ಹಲ್ಲು ಕೊಟ್ಟು ಕಚ್ಚಿ ಚರ್ರೆಂದು ಹರಿದಳು. ಚೆನ್ನಾಗಿ ಬೇಯಿಸಿದ ಬಟ್ಟೆಗೆ ಎಲೆ ಅಡಿಕೆಯ ಹಲ್ಲು! “ಅಯ್ಯೋ ಅಜ್ಜಿ!” ಎಂದು ತಲೆ ಚಚ್ಚಿಕೊಂಡು ಅಷ್ಟೂ ತುಂಡುಗಳನ್ನು ಮತ್ತೆ ಹಂಡೆಗೆ ಹಾಕಿದೆ. ಅಳುವಂತಾಗಿದ್ದ ಹೆಂಗಸರೆಲ್ಲ ಆಗ ಬಿದ್ದು ಬಿದ್ದು ನಕ್ಕರು, ಅಜ್ಜಿಯೂ ನಕ್ಕಳು.

ಅಂದಿನಿಂದ ಬಂದ ಬಸುರಿಗೆ ಒಂದು ತುಂಡು. ಅದು ಅವಳದೇ, ಹೋಗುವಾಗ ಅವಳ ಜೊತೆಗೇ ಹೋಗಬೇಕು. ಬೇಯಿಸಿದ್ದು ಅಜ್ಜಿಯೇ ಆದ್ದರಿಂದ ಬಚ್ಚಿಡುವ ಗೋಜೂ ಇಲ್ಲ. ಜ್ವರ ನಿಂತಿತು. ಬೆಳಿಗ್ಗೆ ಬಾಯಿಂದ ಥರ್ಮಾಮೀಟರ್ ತೆಗೆದು ಬೆಳಕಿಗೆ ಹಿಡಿಯುವಾಗ ನನ್ನ ಎದೆ ಹೊಡೆದುಕೊಳ್ಳುವುದೂ ಮೆಲ್ಲಗೆ ನಿಂತಿತು. ಡಾಕ್ಟರಮ್ಮ ಹೇಳಿದ ಹಾಗೆಯೇ ಬಂದರು, ನಾಲ್ಕೂ ಮಂಚದ ದುಪ್ಪಟಿ ಎತ್ತಿ ನೋಡಿದರು. “ಬೀಗ ಬೇಡ” ಅಂದರು. ಮೈಸೂರಿನಿಂದ ಅಷ್ಟು ದೂರ ಬಂದು ಎರಡೇ ಪದ! ಆದರೂ ಆ ದಿನ ನಾನು ಮನೆಯಲ್ಲಿ ಪಾಯಸ ಮಾಡಿಕೊಂಡು ತಿಂದೆ.

ಅದಾದ ಕೆಲವೇ ದಿನಕ್ಕೆ ಅಜ್ಜಿ ತನ್ನ ಮೊಮ್ಮಗಳನ್ನು ಗಾಡಿಯಲ್ಲಿ ಕರೆತಂದಳು. ನೋವು ಆಗಲೇ ಶುರುವಾಗಿತ್ತು. ಸೀರೆಯಲ್ಲಿ ಉಳಿದಿದ್ದ ಕೊನೆಯ ತುಂಡನ್ನು ನಾನು ಈ ಹುಡುಗಿಗೆಂದೇ ಬೀರುವಿನಲ್ಲಿ ಎತ್ತಿಟ್ಟಿದ್ದೆ. ಅದನ್ನು ತರುವಷ್ಟರಲ್ಲಿ ಇನ್ನೊಂದು ಗಾಡಿ ಬಂತು. ಅದರಲ್ಲಿದ್ದದ್ದು ಮೊದಲು ಎರಡು ಕೂಸುಗಳನ್ನು ಕಳೆದುಕೊಂಡಿದ್ದ ಹೆಂಗಸು. ಅವಳು ನೋವಿನಲ್ಲೂ ಕೇಳಿದ್ದು ಒಂದೇ ಮಾತು: “ಅಜ್ಜಿ ಸೀರೆ ಅದಾ ನರ್ಸವ್ವ?”

ನಾನು ಅಜ್ಜಿಯ ಕಡೆ ನೋಡಿದೆ. ಅಜ್ಜಿ ಬೇಸಿನ್ನಿನ ಹತ್ತಿರ ಹೋಗಿ ಸೋಪು ಹಚ್ಚಿ ಕೈ ತೊಳೆದುಕೊಂಡಳು. ಬಂದು ನನ್ನ ಕೈಯಿಂದ ತುಂಡನ್ನು ತೆಗೆದುಕೊಂಡು ಆ ಹೆಂಗಸಿನ ಮಂಚದ ಮೇಲೆ ಹಾಸಿದಳು.

“ನಿನ್ ಮೊಮ್ಮಗ್ಳಿಗೆ ಅಜ್ಜಿ?” ಅಂದೆ.

“ಆಸ್ಪತ್ರೆ ಬಟ್ಟೆ ಯಾವ್ದಾದ್ರೂ ಕೊಡವ್ವ. ಬೆಂದದೆ ತಾನೆ?”

“ಬೆಂದದೆ.”

“ಅಂಗಾರೆ ಇನ್ನೇನು?”

ಮುಂಜಾವಿಗೆ ಎರಡೂ ಹೆರಿಗೆ ಆಯಿತು, ಎರಡು ಕೂಸೂ ಗಟ್ಟಿಯಾಗಿ ಅತ್ತವು, ಇಬ್ಬರು ಬಾಣಂತಿಯರಿಗೂ ಮುಂದೆ ಮೈ ಬಿಸಿಯಾಗಲಿಲ್ಲ. ಅಜ್ಜಿಯ ಮರಿಮಗಳನ್ನು ಜರಡಿಯಂಥ ಆಸ್ಪತ್ರೆ ದುಪ್ಪಟಿಯಲ್ಲಿ ಸುತ್ತಿ ಅವಳ ಮಡಿಲಿಗೆ ಕೊಟ್ಟೆ. ಬಟ್ಟೆ ಯಾವುದೆಂದು ಅವಳು ನೋಡಲೇ ಇಲ್ಲ. ಕೂಸಿನ ಮುಖವನ್ನೇ ನೋಡುತ್ತಾ ಕೂತಿದ್ದಳು.